ಎಡಕ್ಕೆ ತಿರುಗು ಎಂದವರಿಗೆ

ಪುಟ್ಟಿ ಅನ್ನ ತಿಂದಳು. ತಿಂದಳು ಅನ್ನೋದು ಸ್ವಲ್ಪ ಜಾಸ್ತಿಯೇ ಆಯಿತು. ನಾಲಿಗೆಯ ತುದಿಗೆ ಹಚ್ಚಿದ ಪಾಯಸವನ್ನು ಚಪ್ಪರಿಸಿದ ಹಾಗೆ ಮಾಡಿ, ತಾತನ ಹೊಸ ಪಂಚೆಯ ಮೇಲೆ ಉಗಿದಳು. ಎರಡನೇ ಸಲ ನುಂಗಿದಳು. ನುಂಗಿದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಬೇರೆ ಮನೆಗಳಲ್ಲಿ ಅನ್ನಪ್ರಾಶನದ ಹೊತ್ತಿಗೆ ಫೋಟೊ ತೆಗೆಯುತ್ತಾರೆ. ನಾವು ಗಡಿಯಾರ ನೋಡುತ್ತಾ ಕೂತೆವು. ಅರ್ಧ ಗಂಟೆಯಾಯಿತು. ವಾಂತಿ ಇಲ್ಲ. ಆಗ ನಮ್ಮಮ್ಮ ಎದ್ದು ಉಳಿದವರಿಗೆ ಎಲೆ ಹಾಕಿದರು.

ಜನವರಿಯಿಂದ ನನ್ನ ಫೋನಿನಲ್ಲಿ ಉತ್ತರ ಕೊಡದ ಮೆಸೇಜುಗಳು ಸಾಲುಗಟ್ಟಿವೆ. "ಹೇಗಿದೀಯ?" ಅನ್ನೋದಕ್ಕೆ ಆಗ ಏನು ಹೇಳಬೇಕೋ ಗೊತ್ತಾಗಲಿಲ್ಲ. ಆಮೇಲೆ, ಇಷ್ಟು ತಡವಾಗಿ ಏನು ಹೇಳೋದು ಅಂತ ನಾಚಿಕೆಯಾಯಿತು. ಎಲ್ಲರಿಗೂ ಸೇರಿಸಿ ಇವತ್ತು ಬರೆಯುತ್ತಿದ್ದೇನೆ. ಮಗು ಮಲಗಿದೆ. ಎಷ್ಟು ಹೊತ್ತು ಅಂತ ಹೇಳಕ್ಕಾಗಲ್ಲ.

ಕಥೆ ನಿಮಗೆ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು. 29ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಹೊಟ್ಟೆಯಲ್ಲಿ ಎರಡು ಕಪ್ಪು ಗುಳ್ಳೆ ಕಂಡವು. ಡಾಕ್ಟರುಗಳು ಇದಕ್ಕೆ ಡಬಲ್ ಬಬಲ್ ಅನ್ನುತ್ತಾರೆ. ಒಂದು ಗುಳ್ಳೆ ಜಠರ, ಇನ್ನೊಂದು ಸಣ್ಣ ಕರುಳು ಶುರುವಾಗುವ ಜಾಗ. ಅದರ ಮುಂದೆ ದಾರಿ ಮುಚ್ಚಿತ್ತು. ಡುವೋಡಿನಲ್ ಅಟ್ರೇಸಿಯಾ. 20ನೇ ವಾರದ ಅನಾಮಲಿ ಸ್ಕ್ಯಾನ್‌ನಲ್ಲಿ ಇದ್ಯಾಕೆ ಕಾಣಲಿಲ್ಲ ಅಂತ ನಾನೂ ಜಗಳಕ್ಕೆ ಹೋಗಿದ್ದೆ. ಆ ಹೊತ್ತಿಗೆ ಗುಳ್ಳೆ ಅಷ್ಟು ಊದಿರುವುದಿಲ್ಲವಂತೆ, ಎಷ್ಟೋ ಸಲ ಕಾಣುವುದೇ ತಡವಾಗಿ. ಜಗಳ ಬಿಟ್ಟೆ. ಹೊಟ್ಟೆಯೊಳಗಿನ ಮಗು ಸುತ್ತಲಿನ ನೀರು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ಮತ್ತೆ ಕುಡಿಯುತ್ತದೆ. ಕುಡಿದದ್ದು ಕರುಳಿಗೆ ಇಳಿಯದಿದ್ದರೆ ನೀರು ಏರುತ್ತಾ ಹೋಗುತ್ತದೆ. 25 ದಾಟಿದರೆ ಜಾಸ್ತಿ ಅನ್ನುವ ಅಳತೆ ನನ್ನದು 34 ಇತ್ತು. ಏಳನೇ ತಿಂಗಳಿಗೇ ಬಸ್ಸಿನಲ್ಲಿ ಜನ ಎದ್ದು ಸೀಟು ಬಿಟ್ಟುಕೊಟ್ಟು "ಅವಳಿ-ಜವಳಿನಾ?" ಅಂತ ಕೇಳುತ್ತಿದ್ದರು.

ಆಪರೇಷನ್ ಮಾಡಿದ ಸರ್ಜನ್‌ಗೆ, ಹಸುಗೂಸುಗಳ ಐಸಿಯು ಆದ ಎನ್‌ಐಸಿಯುನ ಸಿಸ್ಟರ್‌ಗಳಿಗೆ, ರಕ್ತ ಕೊಟ್ಟ ನನ್ನವರ ಮೂರು ಜನ ಸಹೋದ್ಯೋಗಿಗಳಿಗೆ, 24 ದಿನ ತಮ್ಮ ರೂಮು ಬಿಟ್ಟುಕೊಟ್ಟು ಹಾಲ್‌ನಲ್ಲಿ ಮಲಗಿದ ಯಶವಂತಪುರದ ದೊಡ್ಡಮ್ಮನ ಮಕ್ಕಳಿಗೆ, ಸಾಲ ಅಂತ ಕೊಟ್ಟು ಈಗ ವಾಪಸ್ ಕೇಳದೆ ಇರುವವರಿಗೆ ಕೈಮುಗಿಯುತ್ತೇನೆ. ತಿಪಟೂರಿನಿಂದ ಬಂದು ಇನ್ನೂ ವಾಪಸ್ ಹೋಗದ ಅಮ್ಮನಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳುತ್ತೇನೆ. ನನ್ನ ಗಂಡನ ಬಗ್ಗೆ ಮುಂದೆ ಒಂದು ಸಾಲು ಬರುತ್ತದೆ, ಕಾಯಲಿ.

ಈ ಪತ್ರ ಇರೋದು ಎದುರುಮನೆ ಸಿಸ್ಟರಮ್ಮನಿಗೆ.

ಮೊದಲು ನಮಗೂ ಅವರಿಗೂ ಅಷ್ಟಕ್ಕಷ್ಟೇ. ಅವರ ಮನೆ ನುಗ್ಗೆಮರದ ಎಲೆ ನಮ್ಮ ಸಂಪಿನೊಳಗೆ ಉದುರುತ್ತಿತ್ತು. ಕೊಂಬೆ ಕಡಿಸಿ ಅಂತ ನಾನು ಹೇಳಿದ್ದೆ. ಸಂಪಿಗೆ ಮುಚ್ಚಳ ಹಾಕಿಸಿ ಅಂತ ಅವರು ಹೇಳಿದ್ದರು. ಪಾವಗಡದ ಕಡೆ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ನಡೆದು, ತಾಯಿ ಕಾರ್ಡ್ ಬರೆದು, ಪೋಲಿಯೊ ಹನಿ ಹಾಕಿ ನಿವೃತ್ತರಾದವರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಟಿವಿ ಸೌಂಡು ಜಾಸ್ತಿ ಇಡುವ ಆಂಟಿ ಅನ್ನೋದಷ್ಟೇ ಗೊತ್ತಿತ್ತು.

ಸ್ಕ್ಯಾನ್ ಆಗಿ ಎರಡು ದಿನಕ್ಕೆ ನಮ್ಮ ಮನೆಗೆ ಬಂದವರಲ್ಲಿ ಒಬ್ಬರು, ಯಾರು ಅಂತ ಬೇಡ, ಗ್ರಹಣದ ಮಾತು ತೆಗೆದರು. 2023ರ ಅಕ್ಟೋಬರ್ 28ರ ರಾತ್ರಿ, ಒಂದು ಗಂಟೆ ದಾಟಿದ ಮೇಲೆ ಚಂದ್ರಗ್ರಹಣ ಹಿಡಿದಿತ್ತಲ್ಲ, ಆಗ ನಾನು ನೀರು ಕುಡಿಯಲು ಎದ್ದಿದ್ದೆ. ಅಡುಗೆಮನೆ ಕಿಟಕಿ ತೆರೆದಿತ್ತು. ಇದನ್ನು ನಾನೇ ಬಾಯಿಬಿಟ್ಟು ಹೇಳಿದ್ದೆ, ದಡ್ಡಿ. "ಅದಕ್ಕೇ" ಅಂದರು ಅವರು. ಅಷ್ಟೇ ಅಂದದ್ದು. ನಾನು ಬಿ.ಎಸ್ಸಿ. ಓದಿದವಳು. ಆದರೂ ಆ "ಅದಕ್ಕೇ" ರಾತ್ರಿಯೆಲ್ಲ ಕಿವಿಯಲ್ಲಿ ಕೂತಿತ್ತು.

ಮಾರನೇ ದಿನ ಸಿಸ್ಟರಮ್ಮ ಒಂದು ಹಿಡಿ ನುಗ್ಗೆಸೊಪ್ಪು ಹಿಡಿದುಕೊಂಡು ಬಂದರು. ನನ್ನ ಮುಖ ನೋಡಿ ಏನಾಯಿತು ಅಂದರು, ಹೇಳಿದೆ. ಅವರು ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡರು. "ಕೊನೇ ಸಲ ಮುಟ್ಟಾಗಿದ್ದು ಯಾವತ್ತು?" ಮೇ 27. "ಕರುಳಿನ ಬಗ್ಗೆ ಡಾಕ್ಟರು ಏನಂದ್ರು?" ಕರುಳು ಐದಾರನೇ ವಾರದಲ್ಲಿ ಒಳಗೆಲ್ಲ ತುಂಬಿ ಮುಚ್ಚಿಕೊಳ್ಳುತ್ತೆ, ಎಂಟು-ಹತ್ತನೇ ವಾರದ ಹೊತ್ತಿಗೆ ಮತ್ತೆ ಕೊಳವೆ ಥರ ತೆರೆದುಕೊಳ್ಳಬೇಕು, ನಮ್ಮ ಮಗುವಿಗೆ ಅಲ್ಲಿ ತೆರೆದಿರಲಿಕ್ಕಿಲ್ಲ ಅಂದಿದ್ದರು. ಸಿಸ್ಟರಮ್ಮ ಪೆನ್ನಿನ ಹಿಂಬದಿಯಿಂದ ವಾರ ಎಣಿಸುತ್ತಾ ಹೋದರು. ಜೂನ್ ಮುಗಿಯಿತು. ಜುಲೈ ಕೊನೆಗೆ ಬಂದು ನಿಂತರು.

"ನೋಡವ್ವ. ಅಧಿಕ ಶ್ರಾವಣ. ಆಗ್ಬೇಕಾದ್ದು ಇಲ್ಲೇ ಆಗೋಗಿದೆ. ಗ್ರಹಣ ಬಂದಿದ್ದು ಆಶ್ವಯುಜ ಹುಣ್ಣಿಮೆಗೆ. ಮೂರು ತಿಂಗಳು ಲೇಟಾಗಿ ಬಂದು ಚಂದ್ರ ಏನ್ ಮಾಡ್ತಾನೆ?" ಆಮೇಲೆ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸುತ್ತಾ, "ಆದ್ರೆ ಇದನ್ನ ಅವ್ರಿಗೆ ಹೇಳ್ಬೇಡ. ಅಧಿಕ ಮಾಸದಲ್ಲಿ ಏನ್ ತಪ್ಪು ಮಾಡಿದ್ದೆ ಅಂತ ಶುರು ಮಾಡ್ಕೊಂತಾರೆ."

ಸ್ಕ್ಯಾನ್ ಆದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ನಗು ಜಾಸ್ತಿ ದಿನ ಉಳಿಯಲಿಲ್ಲ. ಈ ತೊಂದರೆ ಇರುವ ಸುಮಾರು ಮೂರರಲ್ಲಿ ಒಂದು ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಬುದ್ಧಿ-ಬೆಳವಣಿಗೆ ನಿಧಾನವಾಗುವ ಹುಟ್ಟು ತೊಂದರೆ, ಕೂಡ ಇರುತ್ತದೆ. ಹಾಗಾಗಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮೊದಲ ವರದಿಗೆ ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಹತ್ತಿರದವರೇ "ತೆಗೆಸಿಬಿಡಿ" ಅಂದರು, ಹಲ್ಲು ಕೀಳಿಸುವ ಮಾತಿನ ಹಾಗೆ. 24 ವಾರ ದಾಟಿದ ಮೇಲೆ ಕಾನೂನು ಹಾಗೆ ಬಿಡುವುದಿಲ್ಲ. 2021ರ ತಿದ್ದುಪಡಿಯ ಪ್ರಕಾರ ಮಗುವಿಗೆ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಒಪ್ಪಬೇಕು. ಇದನ್ನು ನಾನು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಓದಿ ತಿಳಿದುಕೊಂಡಿದ್ದೆ. ಅಂದರೆ ಹುಡುಕಿದ್ದೆ. ಯಾರೋ ಹೇಳಿದರು ಅಂತ ಅಲ್ಲ, ನಾನೇ.

ವರದಿ ಸರಿಯಾಗಿಯೇ ಬಂತು. ಕೌನ್ಸೆಲಿಂಗ್ ರೂಮಿನಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತು ಜೋರಾಗಿ ಅತ್ತೆ, ಖುಷಿಗೆ. ಪಕ್ಕದಲ್ಲಿ ಇನ್ನೊಬ್ಬಳು ಬಸುರಿ ಕೂತಿದ್ದಳು. ಅವಳ ಕೈಯಲ್ಲೂ ಅದೇ ಬಣ್ಣದ ಕವರ್ ಇತ್ತು. ತನ್ನ ನೀರಿನ ಬಾಟಲಿ ನನಗೆ ಕೊಟ್ಟಳು. ಕುಡಿದು, "ನಿಮ್ಮದು?" ಅಂದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಖುಷಿ ಅವಳಿಗೆ ಹೇಗೆ ಕೇಳಿಸಿರಬೇಕು ಅಂತ ಇವತ್ತಿಗೂ ಯೋಚಿಸುತ್ತೇನೆ. ಅವಳ ಹೆಸರು ಕೇಳಲಿಲ್ಲ. ಬಾಟಲಿ ವಾಪಸ್ ಕೊಟ್ಟೆನೋ ಇಲ್ಲವೋ ಅನ್ನೋದೂ ನೆನಪಿಲ್ಲ.

36 ವಾರ ತುಂಬಿದ ಕೂಡಲೇ ಬೆಂಗಳೂರಿಗೆ ಹೋಗಿ ಇರೋದು ಅಂತ ತೀರ್ಮಾನವಾಗಿತ್ತು. ಜನವರಿ 26ರ ರಾತ್ರಿ, ಇನ್ನೂ ವಾರ ಇರುವಾಗಲೇ, ನೀರು ಒಡೆಯಿತು. ಒಡೆಯಿತು ಅಂದರೆ ಬಕೆಟ್ ಮಗುಚಿದ ಹಾಗೆ. ಅಮ್ಮ ಮಾರನೇ ದಿನ ಬರುವವರಿದ್ದರು. ನನ್ನ ಗಂಡ ವಸಂತನರಸಾಪುರದಲ್ಲಿ ನೈಟ್ ಶಿಫ್ಟ್‌ನಲ್ಲಿದ್ದರು, ಫೋನು ಲಾಕರ್‌ನಲ್ಲಿ. (ಇದೇ ಅವರ ಸಾಲು. ಆ ರಾತ್ರಿ ಬಿಟ್ಟು ಉಳಿದ ಎಲ್ಲ ರಾತ್ರಿ ಜೊತೆಗಿದ್ದರು. ಆ ಒಂದು ರಾತ್ರಿಗೆ ಇನ್ನೂ ದಂಡ ಕಟ್ಟುತ್ತಿದ್ದಾರೆ.) ನಾನು ಸಿಸ್ಟರಮ್ಮನಿಗೆ ಫೋನ್ ಮಾಡಿದೆ. "ಎದ್ದು ನಿಂತ್ಕೊಬೇಡ. ಅಲ್ಲೇ ಮಲಗು. ಬಾಗಿಲಿಗೆ ಚಿಲಕ ಹಾಕಿದೀಯಾ?" ಚಿಲಕ ಹಾಕಿರಲಿಲ್ಲ. ಅದೊಂದು ಪುಣ್ಯ.

ನೈಟಿಯ ಮೇಲೆ ಸ್ವೆಟರ್, ಒಂದು ಕೈಯಲ್ಲಿ ಟಾರ್ಚ್, ಕಂಕುಳಲ್ಲಿ ಸೋಫಾದ ಎರಡು ದಿಂಬು. ದಿಂಬುಗಳನ್ನು ನನ್ನ ಸೊಂಟದ ಕೆಳಗೆ ತುರುಕಿ, ಟಾರ್ಚ್ ಹಾಕಿ ನೋಡಿದರು. ನೀರು ಇಷ್ಟು ಜಾಸ್ತಿ ಇದ್ದು ಒಮ್ಮೆಲೇ ಒಡೆದರೆ ಮಗುವಿಗಿಂತ ಮುಂಚೆ ಹೊಕ್ಕುಳಬಳ್ಳಿ ಜಾರಿ ಬರಬಹುದು. ಬಂದರೆ ಮಗುವಿಗೆ ಉಳಿಯುವುದು ನಿಮಿಷಗಳ ಲೆಕ್ಕ. "ಬಳ್ಳಿ ಕಾಣ್ತಿಲ್ಲ" ಅಂದರು, ಅಕ್ಕಿಯಲ್ಲಿ ಕಲ್ಲಿಲ್ಲ ಅನ್ನುವ ದನಿಯಲ್ಲಿ. 108ಕ್ಕೆ ಅವರೇ ಮಾತಾಡಿದರು, ಎರಡೇ ವಾಕ್ಯ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಬಳ್ಳಿ ಜಾರಿಲ್ಲ, ಮಗುವಿನ ಎದೆಬಡಿತ ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು, ಒಂದು ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಳಿಸಿದರು. 70 ಕಿಲೋಮೀಟರ್. ಸಿಸ್ಟರಮ್ಮ ಇಳಿಯಲಿಲ್ಲ. ಅವರಿಗೆ ಮಂಡಿನೋವು. ಆ ಸಣ್ಣ ಸೀಟಿನಲ್ಲಿ ಕಾಲು ಮಡಿಸಲು ಆಗದೆ ಒಂದು ಕಾಲು ನನ್ನ ಸ್ಟ್ರೆಚರ್‌ಗೆ ಆನಿಸಿ ಕೂತಿದ್ದರು.

ಡಾಬಸ್‌ಪೇಟೆ ದಾಟುವ ಹೊತ್ತಿಗೆ ನೋವು ಶುರುವಾಗಿತ್ತು. ಆಗ ನಾನು ಒಂದು ಮಾತು ಹೇಳಿದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅಮ್ಮ ಇಲ್ಲೇ ಓದುತ್ತಾರೆ, ಓದಲಿ. "ಹೋದ್ರೆ ಹೋಗ್ಲಿ ಸಿಸ್ಟರಮ್ಮ. ನಂಗೆ ಸಾಕಾಯ್ತು. ಈ ಮಗು ಬೇಡ" ಅಂದೆ. ಒಂದು ಸಲ ಅಲ್ಲ. ಮತ್ತೆ ಮತ್ತೆ ಅಂದೆ. ಮಗುವನ್ನೂ ಬೈದೆ.

ಹಾಗೆಲ್ಲ ಅನ್ನಬಾರದು ಅಂತ ಅವರು ಅನ್ನಲಿಲ್ಲ. ದೇವರ ಹೆಸರು ಹೇಳು ಅನ್ನಲಿಲ್ಲ. "ಆಯ್ತು ಬೈಕೊ" ಅಂದರು. "ಬೈಕೊಂಡೇ ಎಡಕ್ಕೆ ತಿರುಗು."

ತಿರುಗಿದೆ. ನೆಲಮಂಗಲದವರೆಗೂ ಬೈದೆ. ಅವರ ಅಂಗೈ ನನ್ನ ಹೊಟ್ಟೆಯ ಮೇಲೇ ಇತ್ತು. ಪ್ರತಿ ನೋವಿಗೂ ಗಡಿಯಾರ ನೋಡಿ ನಿಮಿಷ ಹೇಳುತ್ತಿದ್ದರು. ನಡುನಡುವೆ ಟಾರ್ಚ್ ಹಾಕಿ "ಬಳ್ಳಿ ಇಲ್ಲ" ಅನ್ನುತ್ತಿದ್ದರು. ಗೊರಗುಂಟೆಪಾಳ್ಯದ ಸಿಗ್ನಲ್ ಆ ಹೊತ್ತಿಗೆ ಖಾಲಿ ಇತ್ತು, ನಂಬುತ್ತೀರೋ ಇಲ್ಲವೋ.

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನನ್ನ ಸೀಮಂತದ ಹಸಿರು ಬಳೆ ತೆಗೆಯಲು ಹೇಳಿದರು. ಕೈ ಊದಿ ಬಳೆ ಹೊರಗೆ ಬರಲಿಲ್ಲ. ಸಿಸ್ಟರಮ್ಮ ಒಂದೊಂದೇ ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿ ಒಡೆದರು, ಒಂದು ಚೂರೂ ಚುಚ್ಚದ ಹಾಗೆ. ಬೆಳಗಿನ ಜಾವ ಐದೂ ಕಾಲಿಗೆ ಪುಟ್ಟಿ ಹುಟ್ಟಿದಳು, 2.1 ಕೆಜಿ. ಮೂರನೇ ದಿನ ಆಪರೇಷನ್.

ಆಮೇಲಿನ ದಿನಗಳ ಬಣ್ಣವೂ ಹಸಿರೇ. ಪುಟ್ಟಿಯ ಹೊಟ್ಟೆಗೆ ಹಾಕಿದ್ದ ಟ್ಯೂಬಿನಿಂದ ಪಿತ್ತ ಇಳಿಯುತ್ತಿತ್ತು, ಥೇಟ್ ಆ ಬಳೆಗಳ ಹಸಿರು. ಕರುಳು ಕೆಲಸ ಶುರು ಮಾಡಿದರೆ ಅದು ತಿಳಿಯಾಗುತ್ತಾ, ಕಡಿಮೆಯಾಗುತ್ತಾ ಬರಬೇಕು. ಅಲ್ಲಿಯವರೆಗೆ ಹಾಲಿಲ್ಲ. ನಾನು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಫ್ರಿಜ್ಜಿಗೆ ಕೊಡುತ್ತಿದ್ದೆ. ಎಲ್ಲರೂ ಫೋನ್ ಮಾಡಿ "ಮಗು ಹೇಗಿದೆ?" ಅನ್ನುತ್ತಿದ್ದರು. ಸಿಸ್ಟರಮ್ಮ ದಿನಾ ಸಂಜೆ ಏಳಕ್ಕೆ, ಅವರ ಸೀರಿಯಲ್‌ಗೆ ಮುಂಚೆ, ಎರಡೇ ಪ್ರಶ್ನೆ ಕೇಳುತ್ತಿದ್ದರು. "ಇವತ್ತು ಎಷ್ಟು ಎಂಎಲ್? ಬಣ್ಣ ಏನು?" ಅದಕ್ಕೆ ನನ್ನಲ್ಲಿ ಉತ್ತರ ಇರುತ್ತಿತ್ತು. ಕಡು ಹಸಿರು. ಎಳೆ ಹಸಿರು. ಹಳದಿ. ಒಂಬತ್ತನೇ ದಿನ, ನೀರಿನ ಥರ. ಮಾರನೇ ದಿನ 2 ಎಂಎಲ್ ಹಾಲು ಕೊಟ್ಟರು. ಆಮೇಲೆ 5. "ಐದು ಅಂದ್ರೆ ಒಂದು ಚಮಚ ಕಣೆ!" ಅಂದರು ಸಿಸ್ಟರಮ್ಮ ಫೋನಿನಲ್ಲಿ. ಅವರ ಟಿವಿ ಸೌಂಡು ಹಿಂದೆ ಕೇಳಿಸುತ್ತಿತ್ತು. ಅವತ್ತು ಅದು ಜಾಸ್ತಿ ಅನಿಸಲಿಲ್ಲ.

ಅನ್ನಪ್ರಾಶನಕ್ಕೆ ಸಿಸ್ಟರಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು ಅಂತಿದ್ದೆ. ಅವರು ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು, ಮಂಡಿನೋವು ಅಂತ ನೆಪ. ಪುಟ್ಟಿ ನುಂಗಿದ ಮೇಲೆ ಎಲ್ಲರಿಗಿಂತ ಮುಂಚೆ ಗಡಿಯಾರ ನೋಡಿದ್ದು ಅವರೇ. ಉಂಡು, ಎಲೆಅಡಿಕೆ ತಗೊಂಡು, "ನಾಳೆ ಕಕ್ಕಸಿನ ಬಣ್ಣ ನೋಡಿ ಹೇಳು" ಅಂತ ಎಲ್ಲರ ಮುಂದೆ ಹೇಳಿ ಹೋದರು.

ಹೇಳಿದ್ದೇನೆ. ಹಳದಿ.

ಸಿಸ್ಟರಮ್ಮ, ನುಗ್ಗೆಮರ ಹಾಗೇ ಇರಲಿ, ಸಂಪಿಗೆ ಮುಚ್ಚಳ ಹಾಕಿಸಿದ್ದೇವೆ. ದಿಂಬು ತೊಳೆದು ಕೊಟ್ಟಾಯಿತು. ನಿಮ್ಮ ಟಾರ್ಚ್ ಮಾತ್ರ ಇನ್ನೂ ನಮ್ಮನೆಯಲ್ಲೇ ಇದೆ. ಹೊಸ ಸೆಲ್ ಹಾಕಿ ವಾಪಸ್ ಕೊಡೋಣ ಅಂತ ಮೇಜಿನ ಮೇಲೆ ಇಟ್ಟಿದ್ದೆ. ಈಗ ನೋಡಿದರೆ ಯಾರೋ ಎದ್ದು, ಎಡಕ್ಕೆ ಮಗುಚಿಕೊಂಡು, ಅದನ್ನೇ ನೋಡಿ ಕೈ ಚಾಚುತ್ತಿದ್ದಾರೆ.