ಎಸ್ಟಿಮೇಟ್ ಕೊಡ್ತಾರೆ, ಜೇಬಿನ ಲೆಕ್ಕ ಮಾತ್ರ ಹೇಳಲ್ಲ

ಸಂಪಾದಕರಿಗೆ ನಮಸ್ಕಾರ,

ಬೊಜ್ಜಿನ ಆಪರೇಷನ್‌ಗೂ ಇನ್ಶೂರೆನ್ಸ್ ಸಿಗುತ್ತೆ, ಕ್ಯಾಶ್‌ಲೆಸ್ ಇದೆ ಅಂತ ಈಗ ಎಲ್ಲಿ ನೋಡಿದರೂ ಜಾಹೀರಾತು. ಸುಳ್ಳಲ್ಲ, ಸಿಗುತ್ತೆ. ನನ್ನ ಹೆಂಡತಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಲೀವ್ ಸರ್ಜರಿ, ಅಂದರೆ ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡೋ ಆಪರೇಷನ್, ಆಯಿತು. ಇನ್ಶೂರೆನ್ಸ್ ಕಂಪನಿ 3,05,100 ರೂಪಾಯಿ ಕೊಟ್ಟಿತು. ನಾವು 1,32,900 ಕಟ್ಟಿದೆವು. ದುಡ್ಡು ಹೋಯಿತಲ್ಲ ಅಂತ ಈ ಪತ್ರ ಬರೀತಿಲ್ಲ. ಈ 1,32,900 ಅನ್ನೋ ಅಂಕಿಯನ್ನು ಡಿಸ್ಚಾರ್ಜ್ ದಿನ ಸಂಜೆವರೆಗೂ ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ಅದಕ್ಕೆ ಬರೀತಿದ್ದೇನೆ.

ನಾನು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಮನೆ ಕಟ್ಟಿಸೋರು ಬಂದು ಪೈಪು, ನಲ್ಲಿ, ಪೇಂಟು ಎಲ್ಲಕ್ಕೂ ಕೊಟೇಶನ್ ಕೇಳ್ತಾರೆ, ಬರೆದು ಕೊಡ್ತೇನೆ. ಬಿಲ್ ಮಾಡುವಾಗ ಐನೂರು ಜಾಸ್ತಿ ಆದರೂ ಯಾಕೆ ಅಂತ ನಿಂತು ಕೇಳ್ತಾರೆ, ನಾನು ಉತ್ತರ ಹೇಳಲೇಬೇಕು. ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಎಸ್ಟಿಮೇಟ್ ಒಂದೇ ಒಂದು ಹಾಳೆ. ಮೇಲೆ ಆಪರೇಷನ್ ಹೆಸರು, ಕೆಳಗೆ 4,20,000, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು ಅಂದಾಜು ಮಾತ್ರ'. ನಮ್ಮದು 5 ಲಕ್ಷದ ಪಾಲಿಸಿ. 4 ಲಕ್ಷ 20 ಸಾವಿರ 5 ಲಕ್ಷದ ಒಳಗೇ ಇದೆಯಲ್ಲ, ಏನೋ ಹತ್ತು ಹದಿನೈದು ಸಾವಿರ ಕೈಯಿಂದ ಹೋಗಬಹುದು ಅಂದುಕೊಂಡು ಮನೇಲಿ ಹಾಗೇ ಹೇಳಿದೆ. ದಿನಾ ಬಿಲ್ ಬರೆಯೋ ನಾನೇ ಹೀಗೆ ಏಮಾರಿದೆ ನೋಡಿ.

ದುಡ್ಡಿನ ಮಾತಿಗೆ ಮೊದಲು, ಕ್ಲೇಮ್ ಪಾಸ್ ಆಗುತ್ತೋ ಇಲ್ಲವೋ ಅನ್ನೋದೇ ಒಂದು ದೊಡ್ಡ ಕಥೆ. ಇನ್ಶೂರೆನ್ಸ್ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಇದಕ್ಕೆ ಒಂದು ಗೆರೆ ಹಾಕಿದೆ, ಪಾಲಿಸಿ ಪುಸ್ತಕದ ಹೊರಗಿಟ್ಟ ಖರ್ಚುಗಳ ಭಾಗದಲ್ಲಿ ಸಿಗುತ್ತೆ. ರೋಗಿಗೆ 18 ವರ್ಷ ಆಗಿರಬೇಕು, ಡಾಕ್ಟರು ಬೇಕು ಅಂತ ಹೇಳಿರಬೇಕು, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ) 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಬಿಎಂಐ 35ರಿಂದ 40ರ ಒಳಗೆ ಇದ್ದರೆ ಜೊತೆಗೆ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ಬೇಕು: ಬೊಜ್ಜಿನಿಂದ ಹೃದಯದ ಸ್ನಾಯು ಕೆಟ್ಟಿರೋದು, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲೋದು), ಇಲ್ಲವೇ ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್. ಅದರ ಮೇಲೆ, ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗಲಿಲ್ಲ ಅಂತಲೂ ಇರಬೇಕು. ಮಂಡಿ ನೋವು, ಬಿಪಿ, ಪಿಸಿಓಡಿ (ಹೆಂಗಸರ ಅಂಡಾಶಯದ ತೊಂದರೆ) ಇವು ಯಾವುವೂ ಆ ಪಟ್ಟಿಯಲ್ಲಿ ಇಲ್ಲ. ಮೆಟ್ಟಿಲು ಹತ್ತಲಾಗದೆ ಕೂತವರಿಗೆ ಮಂಡಿ ನೋವೇ ದೊಡ್ಡದು, ಆದರೆ ಪಟ್ಟಿ ಅದನ್ನು ಕೇಳಲ್ಲ.

ಬಿಎಂಐ ಲೆಕ್ಕ ಕಷ್ಟ ಏನಿಲ್ಲ. ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸೋದು. ನಮ್ಮವಳ ಎತ್ತರ 160 ಸೆಂಟಿಮೀಟರ್, ಮೊದಲ ಸಲ ತೋರಿಸಿದಾಗ ತೂಕ 104 ಕಿಲೋ. ಅಂದರೆ 40.6. ಗೆರೆ ದಾಟಿತು, ತೊಂದರೆ ಇಲ್ಲ ಅಂದರು. ಆಮೇಲೆ ಅದೇ ಡಾಕ್ಟರು ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ದ್ರವ ಆಹಾರದ ಡಯೆಟ್ ಹೇಳಿದರು. ಹಾಗೆ ಮಾಡಿದರೆ ಲಿವರ್ ಸ್ವಲ್ಪ ಕುಗ್ಗುತ್ತಂತೆ, ಒಳಗೆ ಕೈ ಆಡಿಸೋಕೆ ಜಾಗ ಆಗುತ್ತಂತೆ. ಪಾಪ, ಅವಳು ನಾವು ಮುದ್ದೆ ಉಣ್ಣೋದನ್ನು ನೋಡ್ಕೊಂಡು ಮಜ್ಜಿಗೆ, ಬೇಳೆ ಕಟ್ಟು, ಪ್ರೋಟೀನ್ ಪೌಡರ್ ಕುಡ್ಕೊಂಡೇ ಹದಿನಾಲ್ಕು ದಿನ ಕಳೆದಳು. ಅಡ್ಮಿಟ್ ಆದ ದಿನ ತೂಕ 99. ಬಿಎಂಐ 38.7. ಮಧ್ಯಾಹ್ನ ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳೋ ಸಂಸ್ಥೆ) ಕೌಂಟರಿನ ಹುಡುಗ ಬಂದು 'ಸರ್, ಕ್ವೆರಿ ಬಂದಿದೆ, ಬಿಎಂಐ 40ಕ್ಕಿಂತ ಕಡಿಮೆ ಇದೆಯಂತೆ' ಅಂದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಡಾಕ್ಟರ ಮಾತು ಕೇಳಿ ಐದು ಕಿಲೋ ಇಳಿಸಿದ್ದೇ ತಪ್ಪಾಯಿತು.

ಅವಳ ಷುಗರ್ ಹತೋಟಿಯಲ್ಲಿ ಇರಲಿಲ್ಲ, ಎಚ್‌ಬಿಎ1ಸಿ (ಮೂರು ತಿಂಗಳ ಷುಗರ್ ಸರಾಸರಿ ತೋರಿಸೋ ಟೆಸ್ಟ್) 9ರ ಮೇಲಿತ್ತು, ಅದು ನಮ್ಮನ್ನು ಉಳಿಸಿತು. ಆಗ ಇನ್ನೊಂದು ಕ್ವೆರಿ: ಹಿಂದೆ ತೂಕ ಇಳಿಸಲು ಏನೇನು ಮಾಡಿದ್ದೀರಿ, ದಾಖಲೆ ಕಳಿಸಿ. ಮಹಾರಾಜಾ ಪಾರ್ಕಿನಲ್ಲಿ ವರ್ಷಗಟ್ಟಲೆ ವಾಕಿಂಗ್ ಮಾಡಿದ್ದಕ್ಕೆ ಯಾರು ರಸೀದಿ ಕೊಡ್ತಾರೆ? ಕೊನೆಗೆ ಮಗಳು ಊರಲ್ಲಿ ಬೀರು ತೆಗೆದು, ರೇಷ್ಮೆ ಸೀರೆಗಳ ಕೆಳಗೆ ಹಾಸಿದ್ದ ಕಾಗದಗಳನ್ನೆಲ್ಲ ಕೆದಕಿ, ಎರಡು ವರ್ಷದ ಹಿಂದೆ ಡಯೆಟಿಷಿಯನ್ ಬರೆದುಕೊಟ್ಟಿದ್ದ ಚೀಟಿ ಹುಡುಕಿ ಫೋಟೋ ಕಳಿಸಿದಳು. ತಾರೀಕು, ತೂಕ, ಸಹಿ ಮೂರೂ ಇತ್ತು. ರಾತ್ರಿ ಅಪ್ರೂವಲ್ ಬಂತು. ಬೊಜ್ಜಿಗೆ ಚಿಕಿತ್ಸೆ ತಗೊಳ್ಳುತ್ತಿರುವವರು ಇಂಥ ಚೀಟಿಗಳನ್ನು ದಯವಿಟ್ಟು ಬಿಸಾಡಬೇಡಿ. ಮೊದಲ ದಿನದ ತೂಕವನ್ನೂ ಡಾಕ್ಟರ ಲೆಟರ್‌ಹೆಡ್‌ನಲ್ಲಿ ಬರೆಸಿ ಇಟ್ಟುಕೊಳ್ಳಿ.

ಈ 40, 35 ಅನ್ನೋ ಅಂಕಿಗಳ ಬಗ್ಗೆ ಒಂದು ಮಾತು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೇಳಿದ ಅಂಕಿಗಳೂ ಇವೇ. ನಮ್ಮವರಿಗೆ ಕಡಿಮೆ ತೂಕದಲ್ಲೇ ಷುಗರ್ ಬರುತ್ತೆ ಅಂತ ಇಲ್ಲಿನ ಸರ್ಜನ್‌ಗಳು 37.5, ಕಾಯಿಲೆ ಇದ್ದರೆ 32.5 ಅಂತ ಎಂದೋ ಇಳಿಸಿಕೊಂಡಿದ್ದಾರೆ. 2022ರಲ್ಲಿ ಅಂತಾರಾಷ್ಟ್ರೀಯ ಸರ್ಜನ್ ಸಂಘಗಳು ಇನ್ನೂ ಇಳಿಸಿದವು. ಪಾಲಿಸಿ ಪುಸ್ತಕ ಮಾತ್ರ ಅಲ್ಲೇ ನಿಂತಿದೆ. ಆದ್ದರಿಂದ ಡಾಕ್ಟರು 'ನಿಮಗೆ ಆಪರೇಷನ್ ಬೇಕು' ಅಂದರೆ ಇನ್ಶೂರೆನ್ಸ್ ಕೊಡುತ್ತೆ ಅಂತ ಅರ್ಥ ಅಲ್ಲ. ಇಬ್ಬರ ಅಳತೆಕೋಲು ಬೇರೆ ಬೇರೆ.

ಈಗ ಬಿಲ್‌ಗೆ ಬರ್ತೇನೆ. ಒಟ್ಟು 4,38,000. ಎಸ್ಟಿಮೇಟ್‌ಗಿಂತ 18 ಸಾವಿರ ಜಾಸ್ತಿ, ಕಾರಣ ಸ್ಟೇಪ್ಲರ್. ಸ್ಟೇಪ್ಲರ್ ಅಂದ ತಕ್ಷಣ ನನ್ನ ಕಣ್ಣಮುಂದೆ ಬಂದದ್ದು ಅಂಗಡಿ ಟೇಬಲ್ ಮೇಲಿನದು! ಇದು ಹೊಟ್ಟೆಯ ಚೀಲವನ್ನು ಕತ್ತರಿಸಿ ಜೊತೆಜೊತೆಗೇ ಪಿನ್ ಹಾಕುತ್ತಾ ಹೋಗೋ ಸಾಧನ. ಒಂದು ಸಲ ಒತ್ತಿದರೆ ಒಂದು ಕಾರ್ಟ್ರಿಜ್ ಖಾಲಿ. ಐದು ಬೇಕಾಗಬಹುದು ಅಂದಿದ್ದರು, ಆರು ಬೇಕಾಯಿತು. ಇದರಲ್ಲಿ ತಕರಾರಿಲ್ಲ, ಒಳಗೆ ನೋಡಿದ ಮೇಲೇ ಗೊತ್ತಾಗೋದು.

ನಮ್ಮನ್ನು ಹೊಡೆದದ್ದು ರೂಮು. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ಪಾಲಿಸಿ ಮೊತ್ತದ ಶೇ 1, ಅಂದರೆ ದಿನಕ್ಕೆ 5,000. ನಾವು 8,000ದ ಸಿಂಗಲ್ ರೂಮ್ ತಗೊಂಡೆವು. ಮೂರು ದಿನ, ದಿನಕ್ಕೆ ಮೂರು ಸಾವಿರ, ಒಟ್ಟು 9,000 ಕೈಯಿಂದ ಹಾಕಿದರಾಯಿತು ಅಂತ ನನ್ನ ಲೆಕ್ಕ. ಅದು ಹಾಗಲ್ಲವಂತೆ. ಮಿತಿ ದಾಟಿದ ರೂಮ್ ತಗೊಂಡರೆ ಸರ್ಜನ್ ಫೀ, ಅನಸ್ತೇಷಿಯಾ, ಓಟಿ, ನರ್ಸಿಂಗ್ ಇವಕ್ಕೂ ಅದೇ ಪ್ರಮಾಣದಲ್ಲಿ ಕತ್ತರಿ. ಎಂಟರಲ್ಲಿ ಐದು ಪಾಲು ಅವರದು, ಮೂರು ಪಾಲು ನಮ್ಮದು. ಇವೆಲ್ಲ ಸೇರಿ 1,68,000 ಇತ್ತು, ಅದರಲ್ಲಿ 63,000 ನಮ್ಮ ತಲೆ ಮೇಲೆ ಬಿತ್ತು. ರೂಮಿನ 9,000 ಬೇರೆ. ಗ್ಲೌಸ್, ಟೋಪಿ, ಮಾಸ್ಕ್ ಇಂಥ ಇನ್ಶೂರೆನ್ಸ್ ದುಡ್ಡು ಕೊಡದ ವಸ್ತುಗಳು ಅಂತ 21,000. ರಿಜಿಸ್ಟ್ರೇಷನ್, ಫೈಲ್ ಅದು ಇದು ಅಂತ 6,000. ಇಷ್ಟನ್ನೂ ತೆಗೆದು ಉಳಿದ 3,39,000ದ ಮೇಲೆ ಶೇ 10 ಕೋ-ಪೇ (ಪಾಲಿಸಿ ಪ್ರಕಾರ ನಾವು ಹಾಕಲೇಬೇಕಾದ ಪಾಲು), 33,900. ಕೂಡಿಸಿ ನೋಡಿ, 1,32,900.

ಮನೆಗೆ ಬಂದ ಮೇಲೆ ಒಂದು ರಾತ್ರಿ ಕೂತು, 5,000ದ ರೂಮ್ ತಗೊಂಡಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ಮಿಕ್ಕ ದರ ಎಲ್ಲ ಅಷ್ಟೇ ಅಂತ ಹಿಡಿದರೂ ನಮ್ಮ ಪಾಲು 67,200ಕ್ಕೆ ನಿಲ್ಲುತ್ತಿತ್ತು. ಅಂದರೆ ಒಂದು ಸಿಂಗಲ್ ರೂಮಿನ ಆಸೆಗೆ 65,700 ಕೊಟ್ಟೆವು. ರೂಮ್ ಆರಿಸುವಾಗ ಕೌಂಟರಿನಲ್ಲಿ ಇದ್ದವರಿಗೆ ನಮ್ಮ ಪಾಲಿಸಿ ಮಿತಿ ಸ್ಕ್ರೀನ್ ಮೇಲೆ ಕಾಣುತ್ತಿತ್ತು ಅಲ್ವಾ? 'ಸರ್, ಇಬ್ಬರು ರೋಗಿಗಳ ಟ್ವಿನ್ ಶೇರಿಂಗ್ ರೂಮ್ ತಗೊಳ್ಳಿ' ಅಂತ ಒಂದು ಮಾತು ಸಾಕಿತ್ತು. ಸುಮ್ನೆ 'ಸಿಂಗಲ್ ಖಾಲಿ ಇದೆ, ಬುಕ್ ಮಾಡ್ಲಾ?' ಅಂದರು. ಮಾಡಿ ಅಂದೆ.

ಈ ಕತ್ತರಿಗೂ ಒಂದು ಮಿತಿ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. 2020ರ ಐಆರ್‌ಡಿಎಐ ನಿಯಮದ ಪ್ರಕಾರ ಔಷಧಿ, ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿ ಬಿಸಾಡೋ ಸಾಮಾನು), ಇಂಪ್ಲಾಂಟ್, ಸಾಧನಗಳು, ಟೆಸ್ಟ್‌ಗಳು ಇವಕ್ಕೆ ಈ ಪ್ರಮಾಣದ ಕಡಿತ ಹಾಕುವ ಹಾಗಿಲ್ಲ. ಐಸಿಯು ಬಾಡಿಗೆಗೂ ಇಲ್ಲ. ರೂಮ್ ಯಾವುದೇ ಇರಲಿ ಎಲ್ಲರಿಗೂ ಒಂದೇ ದರ ಹಾಕೋ ಆಸ್ಪತ್ರೆಯಾದರೆ ಅಲ್ಲಿ ಕಡಿತವೇ ಇಲ್ಲ. ನಮ್ಮ ಮೊದಲ ಲೆಕ್ಕದಲ್ಲಿ ಮೆಡಿಸಿನ್ ಬಿಲ್‌ಗೂ ಕತ್ತರಿ ಹಾಕಿದ್ದರು. ಮಗಳು ಮೊಬೈಲಿನಲ್ಲಿ ನಿಯಮ ತೆಗೆದು ತೋರಿಸಿದ ಮೇಲೆ ಸರಿ ಮಾಡಿದರು. ತೋರಿಸದೇ ಇದ್ದಿದ್ದರೆ? ಈ ಎಳೆದಾಟದಲ್ಲಿ ಬೆಳಗ್ಗೆ 11ಕ್ಕೆ ಅಂದಿದ್ದ ಡಿಸ್ಚಾರ್ಜ್ ಆಗಿ ನಾವು ಸಂಜೆ 6ಕ್ಕೆ ಹೊರಗೆ ಬಂದೆವು. ಡಿಸ್ಚಾರ್ಜ್ ಅಪ್ರೂವಲ್ ಮೂರು ಗಂಟೆಯಲ್ಲಿ ಕೊಡಬೇಕು ಅಂತ 2024ರ ಸುತ್ತೋಲೆ ಇದೆ.

ಬಿಲ್‌ನಲ್ಲಿ ಕಾಣದ ಖರ್ಚು ಇನ್ನೂ ಇದೆ. ಎಂಡೋಸ್ಕೋಪಿ, ಎಕೋ, ರಾತ್ರಿ ಮಲಗಿಸಿ ಮಾಡೋ ಸ್ಲೀಪ್ ಟೆಸ್ಟ್ ಇವನ್ನು ನಾವು 45 ದಿನ ಮೊದಲೇ ಮಾಡಿಸಿದ್ದೆವು. ನಮ್ಮ ಪಾಲಿಸಿ ಅಡ್ಮಿಷನ್‌ಗೆ ಹಿಂದಿನ 30 ದಿನದ ಖರ್ಚು ಮಾತ್ರ ಕೊಡುತ್ತೆ, ಹಾಗಾಗಿ 19,000 ಹೋಯಿತು. ಹದಿನೈದು ದಿನ ತಡೆದು ಮಾಡಿಸಿದ್ದರೆ ಸಿಗುತ್ತಿತ್ತು. ಆಪರೇಷನ್ ಆದ ಮೇಲೆ ಬಿ12, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಇದು ಬದುಕಿರೋವರೆಗೂ. ತೂಕ ಇಳಿದ ಮೇಲೆ ಜೋಲು ಬೀಳೋ ಚರ್ಮಕ್ಕೆ ಆಪರೇಷನ್ ಮಾಡಿಸಿದರೆ ಅದನ್ನು ಸೌಂದರ್ಯದ ಲೆಕ್ಕಕ್ಕೆ ಹಾಕಿ ಕೈ ಬಿಡ್ತಾರೆ.

ಪಾಲಿಸಿ ತಗೊಂಡ ಕೂಡಲೇ ಇದಕ್ಕೆ ಹೋಗೋಕೂ ಆಗಲ್ಲ, ಎರಡು ಮೂರು ವರ್ಷ ಕಾಯಿಸ್ತಾರೆ. ಕೆಲವು ಪಾಲಿಸಿಗಳಲ್ಲಿ ಬೊಜ್ಜಿನ ಆಪರೇಷನ್‌ಗೆ ಅಂತಲೇ ಬೇರೆ ಮಿತಿ ಇರುತ್ತೆ, 10 ಲಕ್ಷದ ಪಾಲಿಸಿ ಇದ್ದರೂ ಇದಕ್ಕೆ ಇಷ್ಟೇ ಅಂತ. ನೋಡಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಆಸ್ಪತ್ರೆಯ ಎಸ್ಟಿಮೇಟ್ ಹಾಳೆಯಲ್ಲಿ ಇನ್ನೆರಡು ಕಾಲಂ ಇರಲಿ, ಒಂದರಲ್ಲಿ ಇನ್ಶೂರೆನ್ಸ್ ಕೊಡೋದು, ಇನ್ನೊಂದರಲ್ಲಿ ರೋಗಿ ಕೊಡೋದು. ರೂಮ್ ಬದಲಾದರೆ ಎರಡೂ ಹೇಗೆ ಬದಲಾಗುತ್ತೆ ಅಂತ ಅಡ್ಮಿಷನ್‌ಗೆ ಮುಂಚೆ ಬರೆದು ಕೊಡಲಿ. ಹತ್ತು ಇಪ್ಪತ್ತು ಸಾವಿರ ಆಚೀಚೆ ಆದರೆ ಯಾರೂ ಜಗಳಕ್ಕೆ ಬರಲ್ಲ. ಸರ್ಕಾರವೋ ಐಆರ್‌ಡಿಎಐನವರೋ ಇದನ್ನು ಕಡ್ಡಾಯ ಮಾಡಬೇಕು. ಹಾಗೆ ಆಗೋವರೆಗೆ ನಾವೇ ಟಿಪಿಎ ಕೌಂಟರಿನಲ್ಲಿ ಪಾಲಿಸಿ ಇಟ್ಟು, ಈ ರೂಮಿಗೆ ನಮ್ಮ ಕೈಯಿಂದ ಎಷ್ಟು ಅಂತ ಬಾಯಿ ಮಾತಲ್ಲಿ ಬೇಡ, ಬರೆಸಿಕೊಳ್ಳಬೇಕು.

ಹೆಂಡತಿ ಈಗ 81 ಕಿಲೋ. ಷುಗರ್ ಮಾತ್ರೆ ಮೂರು ಇದ್ದದ್ದು ಒಂದಕ್ಕೆ ಬಂದಿದೆ, ಡಾಕ್ಟರ ಕೆಲಸದ ಬಗ್ಗೆ ನಮ್ಮದು ಒಂದೂ ದೂರಿಲ್ಲ. ನಾನು ಮಾತ್ರ ಈಗ ಪಾಲಿಸಿ ಪುಸ್ತಕ ಓದೋನಾಗಿದ್ದೇನೆ. ಮಿತಿ, ಕಾಯೋ ಅವಧಿ, ಕೋ-ಪೇ ಎಲ್ಲ ಸುಲಭವಾಗಿ ಬರೆದ ಗ್ರಾಹಕ ಮಾಹಿತಿ ಪತ್ರ ಅಂತ ಒಂದನ್ನು ಪ್ರತಿ ಪಾಲಿಸಿ ಜೊತೆ ಕೊಡಬೇಕು, ಕೇಳಿದರೆ ನಮ್ಮ ಭಾಷೆಯಲ್ಲೂ ಕೊಡಬೇಕು ಅಂತ 2024ರ ಜನವರಿಯಿಂದ ನಿಯಮ ಇದೆ. ಕನ್ನಡದಲ್ಲಿ ಕೊಡಿ ಅಂತ ಕಂಪನಿಗೆ ಎರಡು ಸಲ ಮೇಲ್ ಹಾಕಿದ್ದೇನೆ. ಎರಡು ಸಲವೂ 'ನಿಮ್ಮ ಮನವಿ ತಲುಪಿದೆ' ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತು.

– ಒಬ್ಬ ಓದುಗ, ಹಾಸನ