ಭಾನುವಾರ ಹೊನ್ನಾವರಕ್ಕೆ, ಕೆಸರು ತರಲು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 5ಕ್ಕೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಸೇರಿ. ನಮ್ಮ ಶರಾವತಿ ಸಮುದ್ರ ಸೇರುವ ಕಡೆ, ನೀರು ಇಳಿದಾಗ ಕೆಸರು ತೆಗೆಯಬೇಕು, ಆ್ಯಂಟಿಬಯೋಟಿಕ್ ಕೊಡುವ ಸೂಕ್ಷ್ಮಜೀವಿಗಳನ್ನು ಅದರಲ್ಲಿ ಹುಡುಕೋಕೆ. ಪ್ರಾಜೆಕ್ಟಿನ ಆರೂ ಜನ ಬರಲೇಬೇಕು.

ಆಟೋಕ್ಲೇವ್ ಮಾಡಿದ (ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಂದ) ಚಮಚ, ಟ್ಯೂಬು, ಐಸ್ ಬಾಕ್ಸ್ ನಾನು ತರುತ್ತೇನೆ. ಚೀಟಿಗೆ ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿಹೋಗುತ್ತೆ. ಎರಡು ಕ್ಯಾನ್ ಸಮುದ್ರದ ನೀರೂ ಬೇಕು. ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಉಪ್ಪಿಲ್ಲದೆ ಬೆಳೆಯುವುದೇ ಇಲ್ಲ, ಅವನ್ನು ಬೆಳೆಸುವ ಆಹಾರ, ಅಂದರೆ ಮೀಡಿಯಾ, ಆ ನೀರಲ್ಲೇ ಮಾಡೋಣ.

ಇನ್ನೊಂದು ಮಾತು. ನಮಗೆ ಬೇಕಾದ ಬ್ಯಾಕ್ಟೀರಿಯಾ, ಆಕ್ಟಿನೋಮೈಸೀಟ್‌ಗಳು, ಸೋಮಾರಿಗಳು, ಪ್ಲೇಟಿನಲ್ಲಿ ಬೆಳೆಯಲು ಮೂರು-ನಾಲ್ಕು ವಾರ ಬೇಕಾಗಬಹುದು. ಹೋದ ಸಲ ಹತ್ತನೇ ದಿನಕ್ಕೇ ಯಾರೋ ‘ಏನೂ ಬಂದಿಲ್ಲ’ ಅಂತ ಪ್ಲೇಟು ತೊಳೆದಿಟ್ಟರು. ಯಾರು ಅಂತ ಕೇಳಲ್ಲ ಬಿಡಿ. ಸುಣ್ಣದ ಪುಡಿ ಉದುರಿಸಿದಂಥ ಒಣ ಚುಕ್ಕೆ ಕಂಡರೆ ನನಗೆ ಹೇಳಿ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ ಅಂತ ಮುಚ್ಚಳ ತೆಗೆದು ಮೂಸಬೇಡಿ! ಬೂಷ್ಟನ್ನೂ ಸುಮ್ನೆ ಎಸೆಯಬೇಡಿ. ಸೆಫಲೋಸ್ಪೊರಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಟ್ಟ ಬೂಷ್ಟು 1945ರಲ್ಲಿ ವಿಜ್ಞಾನಿ ಬ್ರೋಟ್ಜುಗೆ ಸಿಕ್ಕಿದ್ದು ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲೇ.

ಹಳೇ ಶೂ ಹಾಕಿಕೊಳ್ಳಿ. ಅಲ್ಲಿ ಇಂಬಳದ ಕಾಟ ಇಲ್ಲ, ಆದರೆ ಚಿಪ್ಪು ಕಾಲು ಕೊಯ್ಯುತ್ತೆ. ಎಲ್ಲರೂ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಗಾಡಿ ಹೇಳಬೇಕು.