ಬೇಡ ಅಂದದ್ದಷ್ಟೇ ಸಾಕು: ಮಗಳಿಗೊಂದು ಪತ್ರ

ಪುಟ್ಟೀ,

‘ಆಲೆಸ್ ಇಸ್ಟ್ ಗೂಟ್’ (ಎಲ್ಲ ಸರಿಯಾಗಿದೆ) ಅನ್ನುವ ಜರ್ಮನ್ ಚಿತ್ರ ನೋಡಿದ ಮೇಲೆ ನೀನು ಕೇಳಿದ್ದು ಒಂದೇ ಪ್ರಶ್ನೆ: ತನ್ನ ಮೇಲೆ ಬಲಾತ್ಕಾರವಾದದ್ದನ್ನು ನಾಯಕಿ ಯಾನ್ನೆ ಯಾರಿಗೂ ಯಾಕೆ ಹೇಳಲಿಲ್ಲ? ಎಫಾ ಟ್ರೋಬಿಶ್ ಅವರ ಈ ಮೊದಲ ಚಿತ್ರದಲ್ಲಿ (2018) ಉತ್ತರ ಇರುವುದು ನಂಟಸ್ತಿಕೆಯಲ್ಲಿ. ಬಲಾತ್ಕಾರ ಮಾಡಿದ ಮಾರ್ಟಿನ್, ಅವಳಿಗೆ ಹೊಸ ಕೆಲಸ ಕೊಟ್ಟ ರೋಬರ್ಟನ ಭಾವನೆಂಟ. ಸಂಗಾತಿ ಪೀಟ್ ಜೊತೆ ನಡೆಸಿದ ಪ್ರಕಾಶನ ಮುಳುಗಿಹೋಗಿದೆ. ಬಾಯಿಬಿಟ್ಟರೆ ಸಂಗತಿ ಅವಳ ಕೈತಪ್ಪಿ ಮೂವರು ಗಂಡಸರ ಜಿದ್ದಾಗಿಬಿಡುತ್ತದೆ. ನನಗೆ ಚಿತ್ರದಲ್ಲಿ ಅತಿ ಭಯಂಕರ ಅನ್ನಿಸಿದ್ದು ಇದೇ.

ಆ ರಾತ್ರಿಯ ದೃಶ್ಯ ಮತ್ತೊಮ್ಮೆ ನೋಡು. ಬೇಡ ಅನ್ನುತ್ತಾಳೆ, ತಳ್ಳುತ್ತಾಳೆ, ಕಡೆಗೆ ಸುಮ್ಮನಾಗುತ್ತಾಳೆ. 2016ರ ನವೆಂಬರ್ 10ಕ್ಕೆ ಮೊದಲಾಗಿದ್ದರೆ ಬರೀ ‘ಬೇಡ’ದ ಮೇಲೆ ನೀನಿರುವ ಜರ್ಮನಿಯಲ್ಲಿ ಕೇಸು ನಿಲ್ಲುತ್ತಿರಲಿಲ್ಲ. ಬಲಪ್ರಯೋಗ, ಪ್ರಾಣಬೆದರಿಕೆ, ಇಲ್ಲವೇ ಅಸಹಾಯಕ ಸ್ಥಿತಿಯ ದುರುಪಯೋಗ ತೋರಿಸಬೇಕಿತ್ತು. ಈಗ ದಂಡಸಂಹಿತೆಯ 177ನೇ ಕಲಮು ನೋಡುವುದು, ಅವಳಿಗೆ ಒಪ್ಪಿಗೆಯಿಲ್ಲವೆಂದು ಎದುರಿನವನಿಗೆ ತಿಳಿಯುವಂತಿತ್ತೇ ಎಂದು. ಮೈಮೇಲೆ ಗಾಯ ಇರಲೇಬೇಕೆಂದಿಲ್ಲ.

ಆದರೆ ‘ಎಲ್ಲ ಸರಿಯಾಗಿದೆ’ ಅನ್ನುತ್ತ ಕೂತರೆ ಗಂಟೆಗಳು ಜಾರುತ್ತವೆ. ಪಾನೀಯಕ್ಕೆ ಏನಾದರೂ ಬೆರೆಸಿದ ಅನುಮಾನವಿದ್ದರೆ ಮೊದಲ ಮೂತ್ರವನ್ನೇ ಶುಚಿಯಾದ ಬಾಟಲಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಡಬೇಕು. ಹೀಗೆ ಬೆರೆಸುವ ಜಿಎಚ್‌ಬಿಯಂಥ ಮತ್ತಿನ ಮದ್ದು ಸುಮಾರು 12 ಗಂಟೆಯಲ್ಲಿ ಕುರುಹಿಲ್ಲದೆ ಹೋಗುತ್ತದೆ. ಸ್ನಾನ ಬೇಡ. ಬಟ್ಟೆ ಒಗೆಯಬೇಡ, ಒಂದೊಂದನ್ನೂ ಬೇರೆಬೇರೆ ಕಾಗದದ ಚೀಲಕ್ಕೆ ಹಾಕು. ಪ್ಲಾಸ್ಟಿಕ್ಕಿನಲ್ಲಿ ಪಸೆ ನಿಂತು ಬೂಷ್ಟು ಹಿಡಿದರೆ ಡಿಎನ್‌ಎ ಹಾಳಾಗುತ್ತದೆ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸಾಮಾನ್ಯವಾಗಿ 28 ದಿನ. ಗರ್ಭ ತಡೆಯುವ ತುರ್ತು ಮಾತ್ರೆ ಜರ್ಮನಿಯಲ್ಲಿ 2015ರಿಂದ ಚೀಟಿಯಿಲ್ಲದೆ ಸಿಗುತ್ತದೆ: ಲೆವೊನೊರ್ಜೆಸ್ಟ್ರೆಲ್ 72 ಗಂಟೆಯೊಳಗೆ, ಯುಲಿಪ್ರಿಸ್ಟಾಲ್ 120 ಗಂಟೆಯೊಳಗೆ. ಎರಡೂ ಮಾಡುವುದು ಅಂಡೋತ್ಪತ್ತಿಯನ್ನು ಮುಂದೂಡುವ ಕೆಲಸ. ಅದು ಆಗಿಬಿಟ್ಟಿದ್ದರೆ ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಯಾನ್ನೆ ಗರ್ಭಿಣಿಯಾಗುತ್ತಾಳಲ್ಲ, ಅಲ್ಲಿಯೂ ಮೌನಕ್ಕೆ ಬೆಲೆಯಿದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಗರ್ಭಪಾತಕ್ಕೆ ಸಮಾಲೋಚನೆಯ ಪ್ರಮಾಣಪತ್ರ ಬೇಕು, ಆಮೇಲೆ ಮೂರು ದಿನ ಕಾಯಬೇಕು, 12 ವಾರದೊಳಗೆ ಮುಗಿಯಬೇಕು. ಬಲಾತ್ಕಾರದಿಂದ ನಿಂತ ಗರ್ಭವೆಂದು ವೈದ್ಯರಿಗೆ ಮನವರಿಕೆಯಾದರೆ ಆ ಪ್ರಮಾಣಪತ್ರ ಕಡ್ಡಾಯವಲ್ಲ. ಅದಕ್ಕೂ ಹೇಳಲೇಬೇಕು ನೋಡು.

ಹೇಳುವುದೆಂದರೆ ಪೊಲೀಸ್ ಠಾಣೆಯೇ ಅಲ್ಲ. ಅವರ ಕಿವಿಗೆ ಒಮ್ಮೆ ಬಿತ್ತೆಂದರೆ ತನಿಖೆ ಮಾಡಲೇಬೇಕು. ದೂರು ವಾಪಸು ಪಡೆದು ನಿಲ್ಲಿಸಲಾಗದು. ಅದಕ್ಕೇ ಈ ಉದ್ದದ ಜರ್ಮನ್ ಪದ ಬಾಯಿಪಾಠ ಮಾಡಿಕೋ: ‘ಫೆರ್‌ಟ್ರೌಲಿಶೆ ಶ್ಪೂರೆನ್‌ಜಿಶೆರುಂಗ್’, ಗುಟ್ಟಾಗಿ ಸಾಕ್ಷ್ಯ ಕಾಪಿಡುವುದು. ಈ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಗಾಯ ದಾಖಲಿಸುತ್ತಾರೆ, ಸುಮಾರು 72 ಗಂಟೆಯೊಳಗಾದರೆ ಮಾದರಿ ತೆಗೆದು ಮೊಹರು ಮಾಡಿ ಇಡುತ್ತಾರೆ. ಪೊಲೀಸರಿಗೆ ಸುದ್ದಿ ಹೋಗದು. ಎಷ್ಟು ದಿನ ಇಡುತ್ತಾರೆಂಬುದು ಊರಿಂದೂರಿಗೆ ಬೇರೆ, ಅಲ್ಲೇ ಕೇಳಿಕೋ. ದೂರು ಕೊಡುವುದೋ ಬಿಡುವುದೋ, ನಿದ್ದೆ ಮಾಡಿ ಎದ್ದ ಮೇಲೆ ಯೋಚಿಸಬಹುದು.

ಹಿಂಸೆಗೊಳಗಾದ ಹೆಂಗಸರಿಗಾಗಿ ಇರುವ ಜರ್ಮನಿಯ ಸಹಾಯವಾಣಿ 116 016, ಫೋನಿನಲ್ಲಿ ಸೇವ್ ಮಾಡಿಕೋ. ದಿನದ 24 ಗಂಟೆಯೂ ಪುಕ್ಕಟೆ, ಹೆಸರು ಹೇಳಬೇಕಿಲ್ಲ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ನಿನ್ನ ರೂಮಿನ ಹುಡುಗಿಗೂ ಕೊಡು.

ಅಮ್ಮ